ಮರಿಮೀನಿನ ತೊಟ್ಟಿಯಲ್ಲಿ ಹುಳುಗಳು: ಗುರುತಿಸುವ ಬಗೆ ಮತ್ತು ಹತೋಟಿ

ಅಲಂಕಾರಿಕ ಮೀನು ಸಾಕಣೆಯು ಬೆಂಗಳೂರು ನಗರದಲ್ಲಿಯೂ ಸುತ್ತಲಿನ ತಾಲ್ಲೂಕುಗಳಲ್ಲಿಯೂ ಹಲವು ಕುಟುಂಬಗಳಿಗೆ ಉಪಕಸುಬಾಗಿದೆ. ಇದಕ್ಕೆ ಎಕರೆಗಟ್ಟಲೆ ಜಾಗ ಬೇಡ. ತಾರಸಿಯ ಮೇಲೆ ಮೂರು ನಾಲ್ಕು ಸಿಮೆಂಟ್ ತೊಟ್ಟಿ, ನೆರಳಿನಲ್ಲಿ ಆರೆಂಟು ಗಾಜಿನ ತೊಟ್ಟಿ, ಒಂದು ಗಾಳಿಯಂತ್ರ ಇದ್ದರೆ ಗಪ್ಪಿ, ಮೋಲಿ, ಫೈಟರ್, ಏಂಜೆಲ್, ಗೋಲ್ಡ್‌ಫಿಶ್ ಮುಂತಾದ ಜಾತಿಗಳನ್ನು ಮರಿ ಮಾಡಿಸಿ ಮಾರಬಹುದು. ಆದರೆ ಮೀನು ಮೊಟ್ಟೆಯಿಡುವುದೇ ಆದಾಯವಲ್ಲ. ಮೊಟ್ಟೆಯೊಡೆದ ಮರಿಗಳು ಮೊದಲ ಎರಡು ಮೂರು ವಾರ ದಾಟಿದರೆ ಮಾತ್ರ ಕೈಗೆ ನಾಲ್ಕು ಕಾಸು ಬರುತ್ತದೆ. ಈ ಅವಧಿಯಲ್ಲಿ ಸಾಕಣೆದಾರರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: ‘ಗಾಜಿನ ಮೇಲೆ ಬಿಳಿ ಹುಳ ಹರಿದಾಡ್ತಿವೆ, ಏನು ಹಾಕಬೇಕು?’

ಪ್ರಶ್ನೆಯ ಎರಡನೆಯ ಭಾಗದಲ್ಲಿ ಅಪಾಯವಿದೆ. ಹುಳು ಯಾವುದೆಂದು ತಿಳಿಯುವ ಮೊದಲೇ ‘ಏನಾದರೂ’ ಹಾಕಿದ ತೊಟ್ಟಿಗಳಲ್ಲಿ ಹುಳುವಿಗಿಂತ ಮೊದಲು ಮರಿಗಳು ಸಾಯುತ್ತವೆ.

ಬೇಸಾಯಶಾಸ್ತ್ರ ಕಲಿಸುವವನಿಗೆ ಮೀನಿನ ತೊಟ್ಟಿಯಲ್ಲೇನು ಕೆಲಸ ಎಂದು ಕೆಲವರು ಕೇಳಬಹುದು. ಮಡಿಯಲ್ಲಿ ಕಂಡ ಪ್ರತಿಯೊಂದು ಹುಳುವೂ ಬೆಳೆಗೆ ಶತ್ರುವಲ್ಲ. ಶತ್ರುವೇ ಆದರೂ ಬೆಳೆ ಯಾವ ಹಂತದಲ್ಲಿದೆ, ಹುಳು ಎಷ್ಟಿದೆ ಎಂದು ನೋಡಿ ತಾನೆ ನಾವು ಸಿಂಪರಣೆಗೆ ಇಳಿಯುವುದು? ಅದೇ ಲೆಕ್ಕ ಇಲ್ಲಿಯೂ ನಡೆಯುತ್ತದೆ. ಅಂತೆಯೇ, ಹೊಲದಲ್ಲಿ ಬಿತ್ತನೆಗೆ ಮುಂಚೆ ಮಾಡಿದ ಕೆಲಸ ಅನಂತರದ ಹತ್ತು ಸಿಂಪರಣೆಗಿಂತ ಮೇಲು ಎಂಬುದು ತೊಟ್ಟಿಗೂ ಸಲ್ಲುತ್ತದೆ.

ಯಾವ ಹುಳು ಎಂದು ಮೊದಲು ನೋಡಿ

ಇದಕ್ಕೆ ಬೇಕಾದುದು ಒಂದು ಭೂತಗನ್ನಡಿ, ಒಂದು ಟಾರ್ಚು. ರಾತ್ರಿ ದೀಪ ಆರಿಸಿ ಎರಡು ಗಂಟೆಯ ನಂತರ ಟಾರ್ಚು ಹಾಕಿ ಗಾಜನ್ನೂ ತೊಟ್ಟಿಯ ತಳವನ್ನೂ ನೋಡಬೇಕು. ಹಗಲು ಅಡಗಿರುವ ಹುಳುಗಳು ಆಗ ಹೊರಗೆ ಬಂದಿರುತ್ತವೆ.

ದಾರದ ಎಳೆಯಂತೆ ತೆಳ್ಳಗೆ, ಬಿಳಿ ಅಥವಾ ನಸುಗೆಂಪಾಗಿ, ನೀರಿನ ನಡುವೆ ಬಳುಕುತ್ತ ಏಳುತ್ತ ಬೀಳುತ್ತ ಹೋಗುವವು ಕಸದ ಹುಳುಗಳು. ಇವು ಎರೆಹುಳುವಿನ ದೂರದ ನೆಂಟರು. ಹೊಲದಲ್ಲಿ ಎರೆಹುಳು ಮಾಡುವ ಕೆಲಸವನ್ನೇ ಇವು ತೊಟ್ಟಿಯಲ್ಲಿ ಮಾಡುತ್ತವೆ: ಉಳಿದ ಆಹಾರ, ಕೊಳೆತ ಎಲೆ, ಮೀನಿನ ಹಿಕ್ಕೆ ತಿಂದು ಬದುಕುತ್ತವೆ. ಮೊಟ್ಟೆಗಾಗಲಿ ಮರಿಗಾಗಲಿ ಇವುಗಳಿಂದ ತೊಂದರೆಯಿಲ್ಲ. ಮರಿಗಳು ಸ್ವಲ್ಪ ದೊಡ್ಡವಾದರೆ ಇವುಗಳನ್ನೇ ಹೆಕ್ಕಿ ತಿನ್ನುತ್ತವೆ. ಇದೇ ಹುಳುಗಳು ರಾಶಿರಾಶಿಯಾಗಿ ಮರಳಿನಿಂದ ಎದ್ದು ನೀರಿನ ಮೇಲ್ಭಾಗಕ್ಕೆ ಬಂದರೆ ಮಾತ್ರ ಎಚ್ಚರವಹಿಸಬೇಕು. ತಳದಲ್ಲಿ ಆಮ್ಲಜನಕ ಕಡಿಮೆಯಾಗಿದೆ, ಕೊಳೆ ಹೆಚ್ಚಾಗಿದೆ ಎಂಬ ಸೂಚನೆ ಅದು. ಆಗ ಹುಳುವನ್ನು ಬೈಯುವುದು ಬಿಟ್ಟು ಗಾಳಿಯಂತ್ರವನ್ನು ನೋಡಬೇಕು.

ಎರಡು ತುದಿಯೂ ಚೂಪಾಗಿ, ಕೂದಲಿನಷ್ಟು ಸಣ್ಣಗೆ, ಚಾಟಿ ಬೀಸಿದಂತೆ ಒದ್ದಾಡುವವು ದುಂಡುಹುಳುಗಳು. ನೀರಿನಲ್ಲಿ ಸ್ವತಂತ್ರವಾಗಿ ಬದುಕುವ ಇವು ಸಹ ನಿರುಪದ್ರವಿಗಳು. ಫೈಟರ್ ಮರಿಗಳಿಗೆ ಮೊದಲ ಆಹಾರವಾಗಿ ಓಟ್ಸ್ ಗಂಜಿಯಲ್ಲಿ ಬೆಳೆಸುವ ಮೈಕ್ರೋವರ್ಮ್ ಈ ಗುಂಪಿನದೇ. ನಾವೇ ಕಾಸು ಕೊಟ್ಟು ತಂದು ಹಾಕುವ ಹುಳುವಿನ ನೆಂಟನನ್ನು ಕಂಡು ಹೆದರಬೇಕಾಗಿಲ್ಲ.

ಗಾಜಿನ ಮೇಲೆ ಅಕ್ಕಿನುಚ್ಚಿಗಿಂತಲೂ ಚಿಕ್ಕದಾದ, ಒಂದೆರಡು ಮಿಲಿಮೀಟರಿನ ಬಿಳಿ ಚುಕ್ಕೆಗಳು ನಿಧಾನವಾಗಿ ಸರಿದಾಡುತ್ತಿದ್ದು, ತಲೆ ದುಂಡಗಿದ್ದರೆ ಅವೂ ಒಂದು ಬಗೆಯ ಸಣ್ಣ ಚಪ್ಪಟೆ ಹುಳುಗಳು. ಇವುಗಳಿಂದಲೂ ಹಾನಿಯಿಲ್ಲ.

ಗಮನ ಕೊಡಬೇಕಾದುದು ಪ್ಲನೇರಿಯ ಎಂಬ ಚಪ್ಪಟೆ ಹುಳುವಿಗೆ. ಬಿಳಿ, ಬೂದು ಅಥವಾ ಕಂದು ಬಣ್ಣ. ಉದ್ದ ಅರ್ಧ ಸೆಂಟಿಮೀಟರಿನಿಂದ ಎರಡು ಸೆಂಟಿಮೀಟರಿನವರೆಗೆ. ಇದು ಬಳುಕುವುದಿಲ್ಲ, ಒದ್ದಾಡುವುದಿಲ್ಲ. ಎಣ್ಣೆಯ ಮೇಲೆ ಜಾರಿದಂತೆ ಗಾಜಿನ ಮೇಲೆ ನುಣ್ಣಗೆ ಸರಿಯುತ್ತದೆ. ತಲೆ ಬಾಣದ ಮೊನೆಯಂತೆ ಮುಕ್ಕೋನವಾಗಿದ್ದು, ಭೂತಗನ್ನಡಿಯಲ್ಲಿ ಎರಡು ಕಪ್ಪು ಕಣ್ಣಚುಕ್ಕೆ ಕಾಣುತ್ತವೆ. ಬಾಯಿ ತಲೆಯಲ್ಲಿಲ್ಲ, ಹೊಟ್ಟೆಯ ನಡುವೆ ಇದೆ. ಅಲ್ಲಿಂದ ಒಂದು ಕೊಳವೆಯನ್ನು ಹೊರಚಾಚಿ ಆಹಾರವನ್ನು ಹೀರುತ್ತದೆ. ಇದು ಮಾಂಸಾಹಾರಿ. ಸತ್ತ ಮರಿ, ಉಳಿದ ಆಹಾರ ಇದಕ್ಕೆ ಪ್ರಿಯ. ಸಿಕ್ಕಿದರೆ ಮೊಟ್ಟೆಯನ್ನೂ, ಇನ್ನೂ ಈಜಲಾರದೆ ಬಿದ್ದಿರುವ ಎಳೆಮರಿಯನ್ನೂ ಬಿಡುವುದಿಲ್ಲ.

ಇದನ್ನು ಬ್ಲೇಡಿನಿಂದ ಕೊಯ್ದು ಹಾಕುವವರಿದ್ದಾರೆ. ಹಾಗೆ ಮಾಡಲೇಬಾರದು. ಒಂದು ಹುಳುವನ್ನು ಎರಡು ತುಂಡು ಮಾಡಿದರೆ ಕೆಲವು ದಿನಗಳಲ್ಲಿ ಎರಡು ಹುಳುಗಳಾಗುತ್ತವೆ. ಅಮೆರಿಕದ ಜೀವವಿಜ್ಞಾನಿ ಟಾಮಸ್ ಹಂಟ್ ಮಾರ್ಗನ್ ಅವರು 19ನೇ ಶತಮಾನದ ಕೊನೆಯ ವರ್ಷಗಳಲ್ಲಿ ಈ ಹುಳುವನ್ನು ಕತ್ತರಿಸಿ ಕತ್ತರಿಸಿ ಪರೀಕ್ಷಿಸಿದರು. ಅತಿ ಚಿಕ್ಕ ಚೂರಿನಿಂದಲೂ ಪೂರ್ಣ ಹುಳು ಮರುಹುಟ್ಟುವುದನ್ನು ತೋರಿಸಿದರು. ಗರಿಕೆ ಹುಲ್ಲನ್ನು ನೇಗಿಲಿನಿಂದ ತುಂಡು ಮಾಡಿ ಹೊಲವೆಲ್ಲ ಹರಡಿದ ಅನುಭವವಿರುವ ರೈತರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನು ಹುಳುವಲ್ಲದಿದ್ದರೂ ಹುಳುವಿನ ಲೆಕ್ಕಕ್ಕೆ ಸೇರುವುದು ಹೈಡ್ರ. ಗಾಜಿಗೋ ಗಿಡಕ್ಕೋ ಅಂಟಿಕೊಂಡು, ತುದಿಯಲ್ಲಿ ನಾಲ್ಕಾರು ಎಳೆಗಳನ್ನು ಚಾಚಿ ಕಾಯುತ್ತಿರುತ್ತದೆ; ಮುಟ್ಟಿದರೆ ಗುಂಡಿಯಂತೆ ಮುದುಡುತ್ತದೆ. ಆ ಎಳೆಗಳಲ್ಲಿ ಚುಚ್ಚುವ ಕೋಶಗಳಿದ್ದು ಸಣ್ಣ ಮರಿಗಳನ್ನು ಹಿಡಿದು ನುಂಗಬಲ್ಲದು. ಅಷ್ಟು ಹಿಡಿಯಲಾಗದಿದ್ದರೂ ಮರಿಗಳಿಗೆಂದು ಹಾಕಿದ ಸಣ್ಣ ಜೀವಂತ ಆಹಾರವನ್ನು ತಾನೇ ತಿಂದು ಮುಗಿಸುತ್ತದೆ. ಕೆರೆಯ ಗಿಡದೊಂದಿಗೆ ಬರುವ ಏರೋಪ್ಲೇನ್ ಚಿಟ್ಟೆಯ ಮರಿಹುಳು ಎಲ್ಲಕ್ಕಿಂತ ಘೋರ. ಆದರೆ ಅದು ಕಾಲುಗಳಿರುವ ದೊಡ್ಡ ಹುಳು. ಕಣ್ಣಿಗೆ ಬಿದ್ದ ಕೂಡಲೇ ಚಿಮಟದಿಂದ ಎತ್ತಿ ಹಾಕಿದರೆ ಮುಗಿಯಿತು.

ಹಾನಿಯ ಹಂತ

ಪ್ಲನೇರಿಯ ಕಂಡಿತೆಂದ ಮಾತ್ರಕ್ಕೆ ಎಲ್ಲ ತೊಟ್ಟಿಗೂ ಒಂದೇ ಅಪಾಯವಿಲ್ಲ. ಗಪ್ಪಿ, ಮೋಲಿಗಳು ಮರಿ ಹಾಕುವ ಜಾತಿಗಳು. ಹುಟ್ಟಿದ ಗಳಿಗೆಯಿಂದಲೇ ಮರಿ ಈಜುತ್ತದೆ, ತಪ್ಪಿಸಿಕೊಳ್ಳುತ್ತದೆ. ಇಂತಹ ತೊಟ್ಟಿಯಲ್ಲಿ ನಾಲ್ಕಾರು ಪ್ಲನೇರಿಯ ಇದ್ದರೆ ಗಾಬರಿ ಬೇಡ. ಏಂಜೆಲ್ ಮೀನಿನ ವಿಷಯವೇ ಬೇರೆ. ಎಲೆಗೋ ಹೆಂಚಿಗೋ ಅಂಟಿಸಿದ ಮೊಟ್ಟೆ ಎರಡು ಮೂರು ದಿನಗಳಲ್ಲಿ ಒಡೆಯುತ್ತದೆ. ಮರಿಗಳು ಇನ್ನೂ ನಾಲ್ಕೈದು ದಿನ ಅಲ್ಲಿಯೇ ಅಂಟಿಕೊಂಡು ಬಾಲ ಆಡಿಸುತ್ತಿರುತ್ತವೆ. ಅಂದರೆ ವಾರಕ್ಕೆ ಸಮೀಪ ಕಾಲ ಅವು ಹುಳುವಿನ ಬಾಯಿಗೆ ನೇರವಾಗಿ ಸಿಗುತ್ತವೆ. ಫೈಟರ್‌ನಲ್ಲಿ ಗಂಡುಮೀನು ನೊರೆಗೂಡನ್ನು ನೀರಿನ ಮೇಲೆ ಕಟ್ಟಿ ಕಾಯುವುದರಿಂದ ಅಪಾಯ ತುಸು ಕಡಿಮೆ. ಆದರೂ ತಳಕ್ಕೆ ಬಿದ್ದ ಮರಿಗಳು ಉಳಿಯುವುದು ಕಷ್ಟ.

ರಾಗಿ ಪೈರಿಗೆ ತೆನೆ ಹೊರಡುವ ಕಾಲ ಹೇಗೋ ಮೀನಿಗೆ ಮೊಟ್ಟೆಯಿಂದ ಈಜುವವರೆಗಿನ ಕಾಲ ಹಾಗೆ. ಮೊಟ್ಟೆಯಿಡಿಸುವ ತೊಟ್ಟಿಯಲ್ಲಿ ಒಂದು ಪ್ಲನೇರಿಯವೂ ಇರಬಾರದು. ಈಜುವ ಮರಿಗಳ ತೊಟ್ಟಿಯಲ್ಲಿ ಕೆಲವಿದ್ದರೆ ಸಹಿಸಬಹುದು. ಈ ವ್ಯತ್ಯಾಸ ತಿಳಿದರೆ ಅರ್ಧದಷ್ಟು ಔಷಧಿ ಖರ್ಚು ಉಳಿಯುತ್ತದೆ.

ಕಲಾಸಿಪಾಳ್ಯದ ಒಂದು ತಾರಸಿಯಲ್ಲಿ

ಕಲಾಸಿಪಾಳ್ಯಕ್ಕೆ ತರಕಾರಿ ತರುವ ರೈತರಿಗೆ ಅಲ್ಲಿಯ ಮಂಡಿ, ಲಾರಿ ಆಫೀಸುಗಳು, ಬಸ್ ನಿಲ್ದಾಣ ಗೊತ್ತು. ಅವುಗಳ ಹಿಂದಿನ ಇಕ್ಕಟ್ಟಿನ ಗಲ್ಲಿಗಳಲ್ಲಿ, ವಠಾರದ ತಾರಸಿಗಳ ಮೇಲೆ ಯಾರು ಏನು ಸಾಕುತ್ತಾರೆಂಬುದು ಅಷ್ಟಾಗಿ ಗೊತ್ತಿರುವುದಿಲ್ಲ. ಅಂತಹ ಒಂದು ಮನೆಗೆ ವಿಸ್ತರಣಾ ಕಾರ್ಯಕರ್ತರೊಬ್ಬರೊಡನೆ ಹೋಗುವ ಸಂದರ್ಭ ನನಗೆ ಬಂದಿತು. ಮನೆಯ ಯಜಮಾನರು ಮಂಡಿಯಲ್ಲಿ ಮೂಟೆ ಇಳಿಸುವವರು. ಮೀನಿನ ಕೆಲಸವೆಲ್ಲ ಅವರ ಹೆಂಡತಿಯದು. ತಗಡಿನ ಚಪ್ಪರದ ಕೆಳಗೆ ಸಾಲಾಗಿ ಗಾಜಿನ ತೊಟ್ಟಿಗಳು. ಮಗಳ ಕಾಲೇಜು ಫೀಜಿಗೆಂದು ಅವರು ಎರಡು ಜೋಡಿ ಏಂಜೆಲ್ ಮೀನನ್ನು ನೆಚ್ಚಿಕೊಂಡಿದ್ದರು.

ಒಂದು ತೊಟ್ಟಿಯಲ್ಲಿ ಹುಳು ಕಂಡಾಗ ಊರಿನಿಂದ ಬಂದ ತಮ್ಮ ಟೊಮೇಟೊಗೆ ಹೊಡೆದು ಉಳಿದಿದ್ದ ಸೈಪರ್‌ಮೆಥ್ರಿನ್ ಔಷಧಿಯನ್ನು ‘ಒಂದೇ ಒಂದು ಹನಿ’ ಹಾಕಿದ್ದನಂತೆ. ಆಯಮ್ಮ ಖಾಲಿ ತೊಟ್ಟಿಯನ್ನು ತೋರಿಸಿ, ‘ಬೆಳಿಗ್ಗೆ ಹಾಕಿದ್ದು ಸಾರ್, ಮಧ್ಯಾಹ್ನಕ್ಕೆಲ್ಲ ಮರಿ ತಳ ಸೇರ್ಕಂಡ್ವು. ಹುಳ ಮಾತ್ರ ಹಂಗೇ ಇದ್ವು’ ಎಂದರು.

ಇದರಲ್ಲಿ ಆಶ್ಚರ್ಯವಿಲ್ಲ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಗುಂಪಿನ ಔಷಧಿಗಳು ಕೀಟ, ಸೀಗಡಿ, ಮೀನುಗಳ ನರಗಳ ಮೇಲೆ ಅತಿ ತೀಕ್ಷ್ಣವಾಗಿ ವರ್ತಿಸುತ್ತವೆ. ಲೀಟರು ನೀರಿಗೆ ಒಂದು ಮಿಲಿಗ್ರಾಮಿನ ಸಾವಿರದ ಕೆಲವೇ ಪಾಲು ಇದ್ದರೂ ಮೀನು ಸಾಯಬಲ್ಲದು. ಹುಳುಗಳು ಅದಕ್ಕಿಂತ ಹೆಚ್ಚು ತಾಳಿಕೊಳ್ಳುತ್ತವೆ. ಐವತ್ತು ಲೀಟರಿನ ತೊಟ್ಟಿಗೆ ಒಂದು ಹನಿ ಎಂಬುದು ಕಣ್ಣಿಗೆ ಕಡಿಮೆ. ಮರಿಗೆ ಅದು ಹಲವು ಪಟ್ಟು ವಿಷ. ಬೆಳೆಗೆಂದು ತಂದ ಯಾವ ಕೀಟನಾಶಕವನ್ನೂ ಮೀನಿನ ನೀರಿಗೆ ಹಾಕಬಾರದು. ಸಿಂಪರಣೆಗೆ ಬಳಸಿದ ಬಕೆಟ್ಟನ್ನೂ ತೊಟ್ಟಿಯ ನೀರಿಗೆ ಬಳಸಬಾರದು. ಸೊಳ್ಳೆಬತ್ತಿ, ಸೊಳ್ಳೆ ಓಡಿಸುವ ದ್ರವದ ಯಂತ್ರಗಳಲ್ಲಿ ಇರುವುದೂ ಇದೇ ಗುಂಪಿನ ಔಷಧಿ. ಗಾಳಿಯಂತ್ರ ಅದರ ಹೊಗೆಯನ್ನು ಎಳೆದು ನೇರ ನೀರಿಗೆ ಊದುತ್ತದೆ. ಮರಿತೊಟ್ಟಿಯಿರುವ ಕೋಣೆಯಲ್ಲಿ ಅವನ್ನು ಹಚ್ಚದಿರುವುದು ಒಳ್ಳೆಯದು.

ಕೆರೆ ಮೀನು ಸಾಕುವವರು ಕಾಟ್ಲಾ, ರೋಹು ಮರಿಗಳ ನರ್ಸರಿ ಕೊಳಕ್ಕೆ ಹೆಕ್ಟೇರಿಗೆ 18 ಕಿಲೋ ಸಾಬೂನು, 56 ಕಿಲೋ ಎಣ್ಣೆಯ ಮಿಶ್ರಣ ಹಾಕುವುದುಂಟು. ಅದನ್ನೇ ಇಲ್ಲಿ ಮಾಡಬಹುದೇ ಎಂದು ನಮ್ಮ ಜೊತೆಗಿದ್ದ ಕಾರ್ಯಕರ್ತರು ಕೇಳಿದರು. ಒಳ್ಳೆಯ ಪ್ರಶ್ನೆ. ಆ ಎಣ್ಣೆಯ ಪದರ ಕೊಲ್ಲುವುದು ಉಸಿರಿಗಾಗಿ ನೀರಿನ ಮೇಲಕ್ಕೆ ಬರುವ ಕೀಟಗಳನ್ನು. ಪ್ಲನೇರಿಯ ಮೈಯ ಚರ್ಮದಿಂದಲೇ ನೀರಿನೊಳಗೆ ಉಸಿರಾಡುತ್ತದೆ. ಅದು ಮೇಲಕ್ಕೆ ಬರಬೇಕಾಗಿಯೇ ಇಲ್ಲ. ಆದುದರಿಂದ ಅದು ಇಲ್ಲಿ ಉಪಯೋಗವಿಲ್ಲ.

ಉಳಿದ ತೊಟ್ಟಿಗಳಲ್ಲಿ ಹುಳು ಏಕೆ ಹೆಚ್ಚಿತೆಂದು ತಿಳಿಯಲು ದೂರ ಹೋಗಬೇಕಾಗಲಿಲ್ಲ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಬೆಳಿಗ್ಗೆ ಸಂಜೆ ಚಿಟಿಕೆ ಚಿಟಿಕೆ ಹಾಕುತ್ತಿದ್ದರು. ಮರಿಗಳು ತಿಂದದ್ದು ಕಾಲುಭಾಗವೂ ಇರಲಾರದು. ಉಳಿದದ್ದು ಬಿಳಿ ಮಂಜಿನಂತೆ ತಳದ ಮೇಲೆ ಕೂತಿತ್ತು.

ಔಷಧಿಗೆ ಮೊದಲು ಮಾಡುವ ಕೆಲಸ

ಹುಳುವಿನ ಸಂಖ್ಯೆ ಅದಕ್ಕೆ ಸಿಗುವ ಆಹಾರವನ್ನು ಅನುಸರಿಸುತ್ತದೆ. ಆಹಾರ ನಿಂತರೆ ಕಸದ ಹುಳುಗಳು ತಾವಾಗಿ ಇಳಿಯುತ್ತವೆ. ಪ್ಲನೇರಿಯ ಮಾತ್ರ ಹಸಿವನ್ನು ಬಹಳ ದಿನ ತಾಳಬಲ್ಲದು, ಮೈಯನ್ನೇ ಕುಗ್ಗಿಸಿಕೊಂಡು ಕಾಯುತ್ತದೆ. ಆದರೂ ಹೊಸ ಹುಳುಗಳು ಹುಟ್ಟುವುದು ತಗ್ಗುತ್ತದೆ.

ಮರಿಗಳಿಗೆ ಐದು ಹತ್ತು ನಿಮಿಷದಲ್ಲಿ ತಿಂದು ಮುಗಿಸುವಷ್ಟನ್ನೇ, ದಿನಕ್ಕೆ ಮೂರು ನಾಲ್ಕು ಸಲ ಕೊಡಬೇಕು. ಮೊಟ್ಟೆಯ ಹಳದಿ ಬಿಟ್ಟರೆ ಬೇರೆ ಗತಿಯಿಲ್ಲವೆಂದಾದರೆ ತೆಳು ಬಟ್ಟೆಯಲ್ಲಿ ಕಟ್ಟಿ, ಒಂದು ಲೋಟ ನೀರಿನಲ್ಲಿ ಹಿಂಡಿ, ಆ ನೀರನ್ನು ಹನಿಹನಿಯಾಗಿ ಹಾಕಬೇಕು. ಅರ್ಟೀಮಿಯ ಮರಿ ಅಥವಾ ನೀರುಚಿಗಟ ಕೊಟ್ಟರೆ ಇನ್ನೂ ಉತ್ತಮ. ತಿನ್ನದೆ ಉಳಿದವು ಕೆಲವು ಹೊತ್ತು ಬದುಕಿರುತ್ತವೆ, ಕೂಡಲೇ ಕೊಳೆಯುವುದಿಲ್ಲ.

ಪ್ರತಿದಿನ ಸಂಜೆ ತಳದ ಕಸವನ್ನು ಗಾಳಿಯಂತ್ರದ ತೆಳು ಕೊಳವೆಯಿಂದ ಸೈಫನ್ ಮಾಡಿ ತೆಗೆಯಿರಿ. ಕೊಳವೆಯನ್ನು ಬಿಳಿ ಬಕೆಟ್ಟಿಗೆ ಬಿಟ್ಟರೆ ಎಳೆದುಬಂದ ಮರಿಗಳು ಎದ್ದು ಕಾಣುತ್ತವೆ. ಚಮಚದಿಂದ ಎತ್ತಿ ಹಿಂದಕ್ಕೆ ಬಿಡಬಹುದು. ಹೊರಹೋದಷ್ಟೇ ನೀರನ್ನು, ಅಂದರೆ ತೊಟ್ಟಿಯ ಹತ್ತರಲ್ಲೊಂದು ಪಾಲಿನಷ್ಟನ್ನು, ತುಂಬಬೇಕು. ನಲ್ಲಿಯ ಕಾವೇರಿ ನೀರಾದರೆ ಅದರಲ್ಲಿ ಕ್ಲೋರಿನ್ ಇರುವುದರಿಂದ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ದಿನ ಗಾಳಿಯಾಡಿಸಿಟ್ಟು ಬಳಸತಕ್ಕದ್ದು. ಮರಿತೊಟ್ಟಿಗೆ ಮರಳು, ಜಲ್ಲಿಕಲ್ಲು ಹಾಕುವುದು ಚೆಂದಕ್ಕೆ ಸರಿ, ಸಾಕಣೆಗೆ ಸರಿಯಲ್ಲ. ಬರಿಯ ಗಾಜಿನ ತಳವಿದ್ದರೆ ಹುಳುವಿಗೆ ಅಡಗುದಾಣ ಇರುವುದಿಲ್ಲ.

ಪ್ಲನೇರಿಯಕ್ಕೆ ಬಲೆಯೊಡ್ಡಬಹುದು. ಒಂದು ಚಿಕ್ಕ ಔಷಧಿ ಸೀಸೆಯ ಮುಚ್ಚಳಕ್ಕೆ ಕಾದ ಸೂಜಿಯಿಂದ ಎರಡು ಮಿಲಿಮೀಟರಿಗಿಂತ ದೊಡ್ಡದಲ್ಲದ ನಾಲ್ಕೈದು ತೂತು ಮಾಡಿ, ಒಳಗೆ ಕೋಳಿಯ ಈಲಿಯ ಒಂದು ಚೂರು ಅಥವಾ ಸೀಗಡಿಯ ತುಂಡು ಇಟ್ಟು, ನೀರು ತುಂಬಿ, ದೀಪ ಆರಿಸಿದ ಮೇಲೆ ತಳದಲ್ಲಿ ಅಡ್ಡ ಮಲಗಿಸಿ. ವಾಸನೆಗೆ ಹುಳುಗಳು ಒಳಗೆ ಸೇರುತ್ತವೆ. ಬೆಳಕಾಗುವ ಮೊದಲೇ ಎತ್ತಿ ಬಿಸಿನೀರಿಗೆ ಸುರಿಯಬೇಕು. ಒಂದು ರಾತ್ರಿಗೆ ಮುಗಿಯುವ ಕೆಲಸವಲ್ಲ ಇದು. ಒಂದು ವಾರ ಬಿಡದೆ ಮಾಡಿದರೆ ಸಂಖ್ಯೆ ಗಣನೀಯವಾಗಿ ಇಳಿಯುತ್ತದೆ. ಮರಿಗಳಿರುವಾಗ ನಾನು ಮೊದಲು ಹೇಳುವುದು ಈ ಉಪಾಯವನ್ನೇ.

ಬಿತ್ತನೆಗೆ ಮುಂಚೆ ತೊಟ್ಟಿಯ ಸಿದ್ಧತೆ

ಮೊಟ್ಟೆಯಿಡಿಸುವ ತೊಟ್ಟಿಯನ್ನು ಖಾಲಿ ಮಾಡಿ, ಹತ್ತು ಲೀಟರು ನೀರಿಗೆ ಒಂದು ಟೀ ಚಮಚದಂತೆ ಬ್ಲೀಚಿಂಗ್ ಪುಡಿ ಕದಡಿ ತುಂಬಿ ಅರ್ಧ ದಿನ ಬಿಡಬೇಕು. ಅನಂತರ ಮೂರು ನಾಲ್ಕು ಸಲ ತೊಳೆದು ಎರಡು ಮೂರು ದಿನ ಬಿಸಿಲಿನಲ್ಲಿ ಒಣಗಿಸಬೇಕು. ಮೋಡದ ಆಷಾಢದಲ್ಲಿ ಇನ್ನೂ ಎರಡು ದಿನ ಹೆಚ್ಚು ಬೇಕಾದೀತು. ಬಲೆ, ಕೊಳವೆ, ಹೆಂಚಿನ ಚೂರುಗಳನ್ನೂ ಜೊತೆಗೇ ತೊಳೆಯಿರಿ. ಒಂದನ್ನು ಮರೆತರೂ ಹುಳು ಅದರೊಂದಿಗೆ ವಾಪಸ್ಸು ಬರುತ್ತದೆ. ಸ್ಪಂಜಿನ ಫಿಲ್ಟರನ್ನು ಬ್ಲೀಚಿಂಗ್ ನೀರಿನಲ್ಲಿ ಅದ್ದಿದರೆ ಅದರಲ್ಲಿರುವ ಉಪಕಾರಿ ಬ್ಯಾಕ್ಟೀರಿಯಗಳೂ ಸಾಯುತ್ತವೆ. ಆದ್ದರಿಂದ ಹುಳುವಿಲ್ಲದ ಬೇರೊಂದು ತೊಟ್ಟಿಯಲ್ಲಿ ಎರಡು ಮೂರು ವಾರ ಓಡಿಸಿದ ಸ್ಪಂಜನ್ನು ಇದಕ್ಕೆ ಹಾಕುವುದು ಸೂಕ್ತ.

ಹುಳು ಹೊರಗಿನಿಂದ ಬರುವುದು ಹೆಚ್ಚಾಗಿ ಗಿಡ, ಬಸವನಹುಳು ಮತ್ತು ಟ್ಯೂಬಿಫೆಕ್ಸ್ ಮೂಲಕ. ತಂದ ಗಿಡವನ್ನು ಚೆನ್ನಾಗಿ ತೊಳೆದು, ಎರಡು ಮೂರು ವಾರ ಬೇರೆ ಬಕೆಟ್ಟಿನಲ್ಲಿಟ್ಟು ನೋಡಿ, ನಂತರ ತೊಟ್ಟಿಗೆ ಹಾಕಬೇಕು. ಟ್ಯೂಬಿಫೆಕ್ಸ್ ಚರಂಡಿಯ ಕೆಸರಿನಲ್ಲಿ ಬೆಳೆಯುವ ಹುಳು. ದೊಡ್ಡ ಮೀನಿಗೆ ತೊಳೆದು ಕೊಟ್ಟರೂ ಮರಿತೊಟ್ಟಿಗೆ ಅದು ಬೇಡವೆಂದೇ ನನ್ನ ಅಭಿಪ್ರಾಯ.

ಔಷಧಿ ಬೇಕೇಬೇಕೆಂದಾಗ

ಪ್ಲನೇರಿಯ ಮತ್ತು ಹೈಡ್ರಗಳಿಗೆ ಫೆನ್‌ಬೆಂಡಜೋಲ್ ಎಂಬ ಜಂತುಹುಳು ಔಷಧಿ ಪರಿಣಾಮಕಾರಿ. ದನ, ಕುರಿ, ನಾಯಿಗಳಿಗೆ ಕೊಡುವ ಇದು ಪಶು ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ. ಸಾಕಣೆದಾರರಲ್ಲಿ ರೂಢಿಯಲ್ಲಿರುವ ಪ್ರಮಾಣ ಲೀಟರು ನೀರಿಗೆ ಸುಮಾರು ಅರ್ಧ ಮಿಲಿಗ್ರಾಂ. ಉದಾಹರಣೆಗೆ, 50 ಲೀಟರು ನೀರಿರುವ ತೊಟ್ಟಿಗೆ 25 ಮಿಲಿಗ್ರಾಂ ಔಷಧಿ ಬೇಕು. ಒಂದು ಮಾತ್ರೆಯಲ್ಲಿ 150 ಮಿಲಿಗ್ರಾಂ ಇದ್ದರೆ ಅದರ ಆರನೇ ಒಂದು ಪಾಲು. ಮಾತ್ರೆಯನ್ನು ಕಣ್ಣಳತೆಯಲ್ಲಿ ಆರು ಚೂರು ಮಾಡಲು ಹೋಗಬೇಡಿ. ಪುಡಿ ಮಾಡಿ 60 ಮಿಲಿಲೀಟರು ನೀರಿನಲ್ಲಿ ಹಾಕಿ, ಈ ಔಷಧಿ ನೀರಿನಲ್ಲಿ ಸರಿಯಾಗಿ ಕರಗದ ಕಾರಣ ಚೆನ್ನಾಗಿ ಕುಲುಕಿ, ಕೂಡಲೇ ಸಿರಿಂಜಿನಿಂದ 10 ಮಿಲಿಲೀಟರು ತೆಗೆದುಕೊಂಡರೆ ಲೆಕ್ಕ ಸರಿಯಾಗುತ್ತದೆ. 24 ಗಂಟೆಯ ನಂತರ ಇದರ ಅರ್ಧದಷ್ಟು ಮತ್ತೆ ಕೊಡಬಹುದು. ಮಾತ್ರೆಯಲ್ಲಿ ಬೇರೆ ಔಷಧಿಯೂ ಬೆರೆತಿದೆಯೇ ಎಂದು ಲೇಬಲ್ ಓದಿ, ಪಶುವೈದ್ಯರನ್ನು ಕೇಳಿ ಕೊಳ್ಳತಕ್ಕದ್ದು.

ಹುಳುಗಳು ಒಟ್ಟಿಗೆ ಸತ್ತಾಗ ಕೊಳೆತು ನೀರು ಕೆಡುತ್ತದೆ. ಔಷಧಿಗಿಂತ ಈ ಕೊಳೆಯಿಂದಲೇ ಮರಿಗಳು ಹೆಚ್ಚಾಗಿ ಸಾಯುತ್ತವೆ. ಆದ್ದರಿಂದ ಗಾಳಿಯನ್ನು ಹೆಚ್ಚಿಸಿ, ಸತ್ತವನ್ನು ಸೈಫನ್ ಮಾಡಿ, ಎರಡನೇ ದಿನದ ಕೊನೆಗೆ ಕಾಲುಭಾಗ ನೀರು ಬದಲಿಸಬೇಕು. ಪ್ಲನೇರಿಯದ ಮೊಟ್ಟೆಚೀಲಗಳು ಉಳಿದಿರಬಹುದಾದ್ದರಿಂದ ಎರಡು ಮೂರು ವಾರದ ನಂತರ ರಾತ್ರಿ ಟಾರ್ಚು ಹಾಕಿ ಮತ್ತೊಮ್ಮೆ ನೋಡಿ. ಕಂಡರೆ ಮತ್ತೊಮ್ಮೆ ಉಪಚರಿಸಿ. ಕೆಲವು ಜಾತಿಯ ಬಸವನಹುಳುಗಳು ಈ ಔಷಧಿಗೆ ಸಾಯುತ್ತವೆ. ಮೊಟ್ಟೆ ಇರುವಾಗ, ಮರಿ ಇನ್ನೂ ಈಜದಿರುವಾಗ ಇದನ್ನು ಹಾಕಬಾರದು.

ಮಲೆನಾಡಿನ ಓದುಗರಿಗೆ ಒಂದು ಮಾತು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಸತ್ವವನ್ನು ಹಿಂದೆ ನಾಯಿಗಳ ಲಾಡಿಹುಳು ಬೀಳಿಸಲು ಬಳಸುತ್ತಿದ್ದರು. ಪ್ಲನೇರಿಯಕ್ಕೆಂದು ವಿದೇಶಗಳಲ್ಲಿ ಮಾರುವ ಪುಡಿಗಳಲ್ಲಿಯೂ ಅಡಿಕೆಯ ಸಾರ ಬಳಕೆಯಲ್ಲಿದೆ. ಹಾಗೆಂದು ಮನೆಯ ಅಡಿಕೆ ಬೇಯಿಸಿದ ಚೊಗರನ್ನು ತೊಟ್ಟಿಗೆ ಸುರಿಯಬೇಡಿ. ಸತ್ವದ ಪ್ರಮಾಣ ಕಾಯಿಯಿಂದ ಕಾಯಿಗೆ ಬೇರೆ. ಬೇಯಿಸಿದಂತೆ ಇನ್ನೂ ಬದಲಾಗುತ್ತದೆ. ಮೈಲುತುತ್ತ ಕೂಡ ಹಾಗೆಯೇ. ಬೋರ್ಡೋ ದ್ರಾವಣಕ್ಕೆ ತಂದದ್ದು ಮನೆಯಲ್ಲಿರುತ್ತದೆಂದು ಚಿಟಿಕೆ ಹಾಕುವವರಿದ್ದಾರೆ. ಮೆದುನೀರಿನಲ್ಲಿ ತಾಮ್ರ ಮರಿಗಳಿಗೆ ಘೋರ ವಿಷ.

ಮೀನಿನ ಮೈಯೊಳಗಿನ ಹುಳು

ಗಪ್ಪಿಯ ಗುದದ್ವಾರದಿಂದ ಕೆಂಪು ದಾರದ ತುದಿಗಳು ಇಣುಕುತ್ತಿದ್ದರೆ ಅದು ಕ್ಯಾಮಲ್ಲಾನಸ್ ಎಂಬ ಕರುಳಹುಳು. ಮರಿಗಳು ಕಿವಿರು ಬಡಿಯುತ್ತ, ಗಾಜಿಗೆ ಮೈ ಉಜ್ಜುತ್ತಿದ್ದರೆ ಕಿವಿರಿನ ಹುಳುವಿನ ಸಂಶಯ ಪಡಬೇಕು. ಇವು ಗಾಜಿನ ಮೇಲೆ ಹರಿದಾಡುವ ಹುಳುಗಳಲ್ಲ, ಚಿಕಿತ್ಸೆಯೂ ಬೇರೆ. ಮೊದಲನೆಯದಕ್ಕೆ ಲೆವಮಿಸೋಲ್, ಎರಡನೆಯದಕ್ಕೆ ಪ್ರಾಜಿಕ್ವಾಂಟೆಲ್ ಬಳಕೆಯಲ್ಲಿವೆ. ಪ್ರಮಾಣವನ್ನು ತಜ್ಞರೇ ಗೊತ್ತು ಮಾಡಬೇಕು.

ಕಲಾಸಿಪಾಳ್ಯದ ಆ ಮನೆಯಲ್ಲಿ ನಾವು ಔಷಧಿ ಹಾಕಿಸಲಿಲ್ಲ. ಮೊಟ್ಟೆಯಿಡುವ ಜೋಡಿಗೆ ಒಂದು ತೊಟ್ಟಿಯನ್ನು ಬ್ಲೀಚಿಂಗ್ ಮಾಡಿ ಒಣಗಿಸಿ ಸಿದ್ಧಪಡಿಸಿದ್ದಾಯಿತು. ಈಜುವ ಮರಿಗಳಿದ್ದ ತೊಟ್ಟಿಗಳಲ್ಲಿ ಸೀಸೆಯ ಬಲೆ ಇಟ್ಟು ಮೊಟ್ಟೆಯ ಹಳದಿಯನ್ನು ನಿಲ್ಲಿಸಿದರು. ಮುಂದಿನ ಸಲದ ಮೊಟ್ಟೆಯಲ್ಲಿ ಬಹುಪಾಲು ಈಜುವ ಹಂತ ಮುಟ್ಟಿತು. ಹಳೆಯ ತೊಟ್ಟಿಯಲ್ಲಿ ಕೆಲವು ಹುಳು ಇನ್ನೂ ಇವೆ. ಇರಲಿ ಎಂದು ಬಿಟ್ಟಿದ್ದಾರೆ.

ಹುಳುವಿನ ಗುರುತು ಸಿಗದಿದ್ದರೆ ಹೆಸರಘಟ್ಟದಲ್ಲಿರುವ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರದಲ್ಲಿ ಅಥವಾ ಹತ್ತಿರದ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು. ನಾಲ್ಕಾರು ಹುಳುಗಳನ್ನು ತೊಟ್ಟಿಯ ನೀರಿನಲ್ಲೇ, ಅರ್ಧ ತುಂಬಿದ ಚಿಕ್ಕ ಸೀಸೆಯಲ್ಲಿ ಜೀವಂತವಾಗಿ ಒಯ್ಯಬೇಕು. ಸ್ಪಿರಿಟ್ಟಿನಲ್ಲಿ ಹಾಕಿದರೆ ಪ್ಲನೇರಿಯ ಮುದುಡಿಹೋಗಿ ತಲೆಯ ಆಕಾರ ಕಾಣುವುದಿಲ್ಲ. ಜೊತೆಗೆ ತೊಟ್ಟಿಯ ಅಳತೆ, ಮೀನಿನ ಜಾತಿ, ಮರಿಯ ವಯಸ್ಸು, ಈಗಾಗಲೇ ಹಾಕಿರುವ ಔಷಧಿಯ ಹೆಸರು ಇವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು.